ಟೀಮಿಗೆ ಸೇರಿಸಿದ ಮೇಲೆ ಶುರುವಾಗುವ ಕೆಲಸ

ನಾನು ಹದಿಹರೆಯದ ಹುಡುಗಿಯರಿಗೆ ವಾಲಿಬಾಲ್ ಕಲಿಸುತ್ತೇನೆ. "ಟೀಮಿಗೆ ಸೇರಿಸಿಕೊಳ್ಳಿ ಮೇಡಂ, ಒಳ್ಳೆ ಅಭ್ಯಾಸ ತಾನಾಗೇ ಬರುತ್ತೆ" ಅಂತ ಹೇಳುವ ಅಪ್ಪ ಅಮ್ಮಂದಿರು ತುಂಬಾ ಜನ. ಅವರ ಮಾತಿನಲ್ಲಿ ಹುರುಳಿದೆ. ಟೀಮಿನಲ್ಲಿ ಆಡುವ ಮಕ್ಕಳು ಜಾಸ್ತಿ ಓಡಾಡುತ್ತಾರೆ, ಸಿಗರೇಟು ಸೇದುವುದು ಕಡಿಮೆ ಅಂತ ಹಲವು ಅಧ್ಯಯನಗಳು ಹೇಳಿವೆ. ಆದರೆ ಮೊದಲೇ ಗಟ್ಟಿಮುಟ್ಟಾಗಿರುವ, ಮನೆಯವರ ಬೆಂಬಲ ಇರುವ ಮಕ್ಕಳೇ ಟೀಮಿಗೆ ಬರುವುದೂ ಜಾಸ್ತಿ, ಅಲ್ವಾ? ಕುಡಿತದ ವಿಷಯದಲ್ಲಂತೂ ಎಷ್ಟೋ ಅಧ್ಯಯನಗಳಲ್ಲಿ ಆಟಗಾರರೇ ಮುಂದಿದ್ದಾರೆ. ಹಾಗಾಗಿ ಎಲ್ಲವನ್ನೂ ಆಟದ ಮೇಲೆ ಹಾಕಿ ನಾನು ಸುಮ್ನೆ ಕೂರಲಿಲ್ಲ.

ಮೊದಲು ಕೈಹಾಕಿದ್ದು ನಿದ್ದೆಗೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಬೇಗ ಮಲಗು ಅಂತ ಎಷ್ಟು ಹೇಳಿದರೂ ಕಣ್ಣು ಮುಚ್ಚಲ್ಲ. ಅಂಥವರನ್ನು ನಸುಕಿನಲ್ಲೇ ಎಬ್ಬಿಸಿ ಅದನ್ನು ಶಿಸ್ತು ಅನ್ನಲು ನನಗೆ ಮನಸ್ಸು ಬರಲಿಲ್ಲ. ಪ್ರಾಕ್ಟೀಸನ್ನು ಸಂಜೆಗೆ ಹಾಕಿದೆ. ಜೊತೆಗೆ ಎಲ್ಲರ ಕೈಗೂ ಒಂದು ಪುಟ್ಟ ನೋಟ್‌ಬುಕ್ ಕೊಟ್ಟೆ. ಮಲಗಿದ್ದು ಯಾವಾಗ, ಎದ್ದಿದ್ದು ಯಾವಾಗ, ಮೈಯಲ್ಲಿ ಎಲ್ಲಾದರೂ ನೋವಿದೆಯಾ, ಇಷ್ಟೇ ಬರೆಯಬೇಕು. ಅದನ್ನು ಹಿಡಿದು ಯಾರನ್ನೂ ಬೈಯಲ್ಲ ಅಂತ ಮಾತು ಕೊಟ್ಟಿದ್ದೆ.

ಒಬ್ಬ ಹುಡುಗಿ ಒಂದು ಸಂಜೆ ಬ್ಲಾಕ್ ಮಾಡಿ, ಅಂದರೆ ಎದುರಾಳಿಯ ಹೊಡೆತ ತಡೆಯಲು ನೆಟ್ ಹತ್ತಿರ ಜಿಗಿದು, ಕೆಳಗಿಳಿಯುವಾಗೆಲ್ಲ ಮಂಡಿಗಳು ಒಳಕ್ಕೆ ವಾಲುತ್ತಿದ್ದವು. ನೆಟ್ಟಗೆ ಇಳಿಯುವುದು ಅವಳಿಗೆ ಚೆನ್ನಾಗಿ ಗೊತ್ತು. ನೋಟ್‌ಬುಕ್ ತೆಗೆದು ನೋಡಿದರೆ ಪರೀಕ್ಷೆ ವಾರ, ಸರಿಯಾದ ನಿದ್ದೆಯೇ ಇಲ್ಲ. ಅವತ್ತು ಜಿಗಿತ ಬಿಡಿಸಿ ಬರೀ ಪಾಸ್ ಮಾಡಿಸಿದೆ. ಕೆಲವು ವಾರ ಕಳೆದ ಮೇಲೆ ಅವಳೇ ಬಂದು, "ಮೇಡಂ, ಇವತ್ತು ನಿದ್ದೆ ಆಗಿಲ್ಲ, ಬ್ಲಾಕಿಂಗ್ ಬೇಡ" ಅಂದಳು. ಆ ಮಾತು ಕೇಳಿ ನನಗಾದ ಖುಷಿ ಯಾವ ಗೆಲುವಿಗೂ ಕಮ್ಮಿಯಲ್ಲ. ತನ್ನ ಮೈ ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳುವುದನ್ನು ಅವಳು ಕಲಿತಿದ್ದಳು.

ಊಟದ ವಿಷಯ ಇನ್ನೂ ಸೂಕ್ಷ್ಮ. ತೂಕ ಇಳಿದರೆ ಎತ್ತರ ಜಿಗಿಯಬಹುದು ಅಂತ ಕೆಲವರು ತಟ್ಟೆಯಲ್ಲಿ ಕಡಿಮೆ ಬಡಿಸಿಕೊಳ್ಳುತ್ತಾರೆ. ಆಟಕ್ಕೆ, ಬೆಳವಣಿಗೆಗೆ ಬೇಕಾದಷ್ಟು ತಿನ್ನದಿದ್ದರೆ ಮುಟ್ಟು ನಿಲ್ಲಬಹುದು, ಮೂಳೆ ಸೊರಗಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಸಮಸ್ಯೆಗೆ ರೆಡ್-ಎಸ್ ಅಂತ ಹೆಸರಿಟ್ಟಿತು. ನಾನು ಯಾರ ತೂಕವನ್ನೂ ನೋಡಲ್ಲ, ಮೈಕಟ್ಟಿನ ಬಗ್ಗೆ ಮಾತಾಡಲು ಯಾರನ್ನೂ ಬಿಡಲ್ಲ. ಮುಟ್ಟು ತಪ್ಪುತ್ತಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ ಅಂತ ಮಕ್ಕಳಿಗೂ ಅಮ್ಮಂದಿರಿಗೂ ನೇರವಾಗಿ ಹೇಳುತ್ತೇನೆ.

ತಪ್ಪಿಗೆ ಶಿಕ್ಷೆಯಾಗಿ ಗ್ರೌಂಡ್ ಸುತ್ತು ಹಾಕಿಸುವುದೂ ನನ್ನಲ್ಲಿಲ್ಲ. ಓಟ ಅಂದರೆ ಶಿಕ್ಷೆ ಅಂತ ಮನಸ್ಸಿನಲ್ಲಿ ಕೂತವರು ದೊಡ್ಡವರಾದ ಮೇಲೆ ಯಾಕೆ ಓಡುತ್ತಾರೆ?

ಇನ್ನು ಬೆಂಚಿನ ವಿಷಯ. ಆಡಲು ಅವಕಾಶ ಸಿಗದವರು ನಿಧಾನವಾಗಿ ಬರುವುದನ್ನೇ ಬಿಡುತ್ತಾರೆ. ಅವರಿಗೇ ಆಟ ಜಾಸ್ತಿ ಬೇಕಾಗಿರುತ್ತದೆ. ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂತೆ ಓಡಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 146 ದೇಶಗಳ ಮಾಹಿತಿ ಸೇರಿಸಿ ಅದು ಹಾಕಿದ ಲೆಕ್ಕದಲ್ಲಿ, 2016ರಲ್ಲಿ 11ರಿಂದ 17 ವರ್ಷದವರ ಪೈಕಿ ಶೇ. 81 ಮಂದಿ ಅಷ್ಟು ಓಡಾಡುತ್ತಿರಲಿಲ್ಲ. ಹುಡುಗಿಯರಲ್ಲಿ ಇದು ಶೇ. 85. ಹೀಗಿರುವಾಗ ಸಾಲಿನಲ್ಲಿ ನಿಂತು ಸರದಿ ಕಾಯುವ ಪ್ರಾಕ್ಟೀಸ್ ಯಾವ ಪುರುಷಾರ್ಥಕ್ಕೆ? ಕೋರ್ಟನ್ನು ಚಿಕ್ಕದಾಗಿ ಪಾಲು ಮಾಡಿ ಮೂವರ ವಿರುದ್ಧ ಮೂವರನ್ನು ಆಡಿಸುತ್ತೇನೆ. ಎಲ್ಲರ ಕೈಗೂ ಚೆಂಡು ಸಿಗುತ್ತದೆ, ಯಾರೂ ಸುಮ್ನೆ ನಿಲ್ಲಲ್ಲ. ಪಂದ್ಯದ ತಂಡಕ್ಕೆ ಆಯ್ಕೆಯಾಗದವರೂ ಇದೇ ಪ್ರಾಕ್ಟೀಸಿಗೆ ಬರುತ್ತಾರೆ, ಅವರದ್ದೂ ನೋಟ್‌ಬುಕ್ ಇದೆ.