ಅಲೋಹಾ ಸರೋವರಕ್ಕೆ ವಾರಾಂತ್ಯದ ಚಾರಣ: ನಾಲ್ವರು ಹೊರಡುವುದು ಹೇಗೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇಸಿಗೆ ಬಂತೆಂದರೆ ‘ಟಾಹೋಗೆ ಹೋಗೋಣ್ವಾ?’ ಎಂಬ ಸಂದೇಶ ಹರಿದಾಡುತ್ತದೆ. ಹೋದವರಲ್ಲಿ ಬಹಳಷ್ಟು ಮಂದಿ ಟಾಹೋ ಎಂಬ ಆ ದೊಡ್ಡ ಸರೋವರದ ದಂಡೆಯಲ್ಲಿ ಫೋಟೊ ತೆಗೆದು ವಾಪಸಾಗುತ್ತಾರೆ. ಅದರ ನೈರುತ್ಯಕ್ಕೆ, ಬೆನ್ನಿಗೆ ಚೀಲ ಹಾಕಿಕೊಂಡು ನಡೆದರೆ ಮಾತ್ರ ಸಿಗುವ ಡೆಸೊಲೇಷನ್ ವೈಲ್ಡರ್‌ನೆಸ್ ಇದೆ. 1969ರಿಂದ ಸಂರಕ್ಷಿತವಾಗಿರುವ ಸುಮಾರು 64 ಸಾವಿರ ಎಕರೆ ಪ್ರದೇಶ. ಹಿಮನದಿಗಳು ಉಜ್ಜಿ ಬಿಟ್ಟುಹೋದ ಬೋಳು ಗ್ರಾನೈಟ್ ಬಂಡೆಗಳ ನಡುವೆ ನೂರಕ್ಕೂ ಹೆಚ್ಚು ಸರೋವರಗಳು. ಮೊದಲ ಸಲ ಹೋಗುವ ಗೆಳೆಯರ ಗುಂಪಿಗೆ ಅವುಗಳಲ್ಲಿ ಅಲೋಹಾ ಸರೋವರವೇ ಸರಿ. ಶನಿವಾರ ಆರು ಮೈಲಿ, ಭಾನುವಾರ ಆರು ಮೈಲಿ, ವಿಪರೀತ ಏರಿಲ್ಲ.

ಮೊದಲು ದಿನಾಂಕ, ಆಮೇಲೆ ಪರ್ಮಿಟ್

ಜೂನ್‌ನಲ್ಲಿ ದಾರಿಯಲ್ಲಿ ಹಿಮವಿರುತ್ತದೆ. ಜುಲೈನಲ್ಲಿ ಸೊಳ್ಳೆ. ಸೆಪ್ಟೆಂಬರ್‌ನಲ್ಲಿ ಸೊಳ್ಳೆ ಇರುವುದಿಲ್ಲ, ನೀರೂ ಇರುವುದಿಲ್ಲ. ಚಿಕ್ಕಚಿಕ್ಕ ಕೆರೆಗಳಿದ್ದ ಜಾಗಕ್ಕೆ ಪುಟ್ಟ ಅಣೆಕಟ್ಟು ಕಟ್ಟಿದ್ದರಿಂದ ಆದ ಸರೋವರವಿದು. ಬೇಸಿಗೆಯ ಕೊನೆಗೆ ನೀರು ಕೆಳಗೆ ಹರಿದುಹೋಗಿ ಅಲ್ಲಲ್ಲಿ ಗುಂಡಿಗಳಷ್ಟೇ ಉಳಿಯುತ್ತವೆ. ಹಾಗಾಗಿ ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗಿನ ಒಂದು ವಾರಾಂತ್ಯ ನೋಡಿ.

ರಾತ್ರಿ ತಂಗಲು ಪರ್ಮಿಟ್ ಕಡ್ಡಾಯ. ಮೇ ಕೊನೆಯಿಂದ ಸೆಪ್ಟೆಂಬರ್ 30ರವರೆಗೆ ಇಷ್ಟೇ ಜನ ಎಂಬ ಮಿತಿಯೂ ಇರುತ್ತದೆ. ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಮೊದಲ ರಾತ್ರಿ ಯಾವ ವಲಯದಲ್ಲಿ ಮಲಗುತ್ತೀರಿ ಎಂದು ಆರಿಸಿಕೊಳ್ಳಬೇಕು. ಅಲೋಹಾ ವಲಯಕ್ಕೆ ನೂಕುನುಗ್ಗಲು ಜಾಸ್ತಿ, ತಿಂಗಳುಗಳ ಮುಂಚೆಯೇ ಕಾದಿರಿಸಿ. ಸಿಗದಿದ್ದರೆ ರದ್ದಾದ ಪರ್ಮಿಟ್‌ಗಳಿಗಾಗಿ ಆಗಾಗ ಇಣುಕುತ್ತಿರಿ. ಒಂದು ಗುಂಪಿಗೆ ಹನ್ನೆರಡು ಜನರ ಮಿತಿಯಿದೆ. ಆದರೆ ನನ್ನನ್ನು ಕೇಳಿದರೆ ನಾಲ್ಕಕ್ಕಿಂತ ಹೆಚ್ಚು ಬೇಡ. ಐದನೆಯವರು ಬಂದ ಕೂಡಲೇ ಎರಡು ಕಾರು, ಎರಡು ಅಭಿಪ್ರಾಯ ಶುರು.

ಹೊರೆ ಹಂಚುವ ಸಂಜೆ

ಗುಂಪಿನ ಚಾರಣ ಕೆಡುವುದು ಬೆಟ್ಟದಲ್ಲಲ್ಲ, ಮನೆಯಲ್ಲಿ. ನಾಲ್ವರೂ ‘ಇರಲಿ’ ಎಂದು ಒಂದೊಂದು ಒಲೆ, ಒಂದೊಂದು ನೀರಿನ ಫಿಲ್ಟರ್ ತಂದಿರುತ್ತಾರೆ. ಲೈಟರ್ ಮಾತ್ರ ಯಾರ ಬಳಿಯೂ ಇರುವುದಿಲ್ಲ. ಅದಕ್ಕೇ ಹೊರಡುವ ವಾರದಲ್ಲಿ ಒಂದು ಸಂಜೆ ಎಲ್ಲರೂ ಒಂದೇ ಮನೆಯಲ್ಲಿ ಸೇರಿ, ಸಾಮಾನನ್ನೆಲ್ಲ ನೆಲದ ಮೇಲೆ ಹರಡಿ. ಇಬ್ಬರಿಗೊಂದು ಟೆಂಟ್, ನಾಲ್ವರಿಗೆ ಒಂದು ಒಲೆ, ಒಂದು ಪಾತ್ರೆ, ಒಂದು ಫಿಲ್ಟರ್, ಒಂದು ಪ್ರಥಮ ಚಿಕಿತ್ಸೆ ಡಬ್ಬಿ ಸಾಕು. ಮಲಗುವ ಚೀಲ, ಚಾಪೆ, ಬೆಚ್ಚನೆಯ ಅಂಗಿ, ತಲೆಗೆ ಕಟ್ಟುವ ದೀಪ ಮಾತ್ರ ಅವರವರದು. ಆಗಸ್ಟ್‌ನಲ್ಲೂ ರಾತ್ರಿ 40 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿಗೆ ಇಳಿಯಬಹುದು. ಜೀನ್ಸ್ ಮನೆಯಲ್ಲೇ ಇರಲಿ, ಒದ್ದೆಯಾದರೆ ಒಣಗುವುದಿಲ್ಲ. ಬಳಿಕ ಚೀಲಗಳನ್ನು ತೂಗಿ. ದೇಹತೂಕದ ಐದನೆಯ ಒಂದು ಭಾಗ ಮೀರಿದರೆ ಏನಾದರೂ ಹೊರಬರಲೇಬೇಕು. ಸಾಮೂಹಿಕ ಸಾಮಾನನ್ನು ಸಮಪಾಲು ಮಾಡಬೇಡಿ. ನಿಧಾನವಾಗಿ ನಡೆಯುವವರಿಗೆ ಕಡಿಮೆ ಕೊಡಿ, ಇಡೀ ಗುಂಪು ಬೇಗ ತಲುಪುತ್ತದೆ.

ಕರಡಿ ಡಬ್ಬಿಯ, ಅಂದರೆ ಕರಡಿ ತೆರೆಯಲಾಗದ ಆಹಾರದ ಡಬ್ಬಿಯ, ವಿಷಯದಲ್ಲಿ ರಾಜಿಯಿಲ್ಲ. ಮರಕ್ಕೆ ನೇತುಹಾಕಿದ ಆಹಾರವನ್ನು ಕೀಳುವ ಉಪಾಯವನ್ನು ಇಲ್ಲಿನ ಕಪ್ಪು ಕರಡಿಗಳು ಕಲಿತುಬಿಟ್ಟಿವೆ. ಹಾಗಾಗಿ 2022ರಿಂದ ರಾತ್ರಿ ತಂಗುವವರು ಇಂಥ ಗಟ್ಟಿ ಡಬ್ಬಿ ಒಯ್ಯಲೇಬೇಕು. ದೊಡ್ಡದೊಂದು ಎರಡೂವರೆ ಪೌಂಡ್ ತೂಗುತ್ತದೆ. ಎರಡು ದಿನಕ್ಕೆ ಇಬ್ಬರ ಊಟ ಅದರಲ್ಲಿ ಹಿಡಿಯುತ್ತದೆ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ತುಟಿಯ ಮುಲಾಮು ಕೂಡ ಅದರೊಳಗೇ ಹೋಗಬೇಕು. ಜೇಬಿನಲ್ಲಿ ಇಂಗಿನ ಘಮದ ಚಟ್ನಿಪುಡಿ ಪೊಟ್ಟಣ ಇಟ್ಟುಕೊಂಡು ಟೆಂಟಿನಲ್ಲಿ ಮಲಗುವ ಧೈರ್ಯ ಯಾರೂ ಮಾಡಬೇಡಿ.

ಊಟ: ಗೊಜ್ಜವಲಕ್ಕಿಯ ಮುಂದೆ ಉಳಿದದ್ದೆಲ್ಲ ಸಪ್ಪೆ

ಅಂಗಡಿಯ ಒಣಗಿಸಿದ ಚಾರಣದ ಊಟ ದುಬಾರಿ, ಅರ್ಧಕ್ಕರ್ಧ ಉಪ್ಪು. ಅಲೋಹಾ ಇರುವ ಎಂಟು ಸಾವಿರ ಅಡಿಯ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಅನ್ನ, ಬೇಳೆ ಬೇಯಿಸಲು ಕೂತರೆ ಗ್ಯಾಸ್ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಗೊಜ್ಜವಲಕ್ಕಿಗೆ ಒಲೆಯೇ ಬೇಡ. ಗಟ್ಟಿ ಅವಲಕ್ಕಿಯನ್ನು ರವೆಯ ಹಾಗೆ ತರಿತರಿಯಾಗಿ ಪುಡಿಮಾಡಿ ಒಂದು ಚೀಲಕ್ಕೆ ಹಾಕಿ. ಹುಣಸೆ, ಬೆಲ್ಲ, ಸಾರಿನ ಪುಡಿ, ಉಪ್ಪು ಸೇರಿಸಿ ಎಣ್ಣೆ ಬಿಡುವವರೆಗೆ ಕುದಿಸಿದ ಗೊಜ್ಜನ್ನು ಇನ್ನೊಂದು ಚೀಲಕ್ಕೆ. ಹುರಿದ ಕಡಲೆಬೀಜ, ಕೊಬ್ಬರಿತುರಿ, ಕರಿಬೇವಿನ ಒಗ್ಗರಣೆ ಮೂರನೆಯದಕ್ಕೆ. ದಂಡೆಯಲ್ಲಿ ಕುಳಿತು ಗೊಜ್ಜನ್ನು ಫಿಲ್ಟರ್ ಮಾಡಿದ ನೀರಿನಲ್ಲಿ ಕದಡಿ, ಅವಲಕ್ಕಿ ಸುರಿದು ಕಾಲು ಗಂಟೆ ಬಿಡಿ. ರಾತ್ರಿಯ ಚಳಿಗೆ ಬಿಸಿ ಬೇಕೆಂದರೆ ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದ ರವೆಗೆ ಕುದಿಯುವ ನೀರು ಹುಯ್ದರೆ ಉಪ್ಪಿಟ್ಟು ಸಿದ್ಧ.

ಸೌದೆ ಬೆಂಕಿಗೆ ಇಲ್ಲಿ ಸದಾ ನಿಷೇಧ. ಗ್ಯಾಸ್ ಒಲೆಗೂ ಕ್ಯಾಲಿಫೋರ್ನಿಯಾದ ಉಚಿತ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ. 2021ರ ಕಾಲ್ಡರ್ ಕಾಡ್ಗಿಚ್ಚು ಈ ಸೀಮೆಯ ಬಾಗಿಲಿಗೇ ಬಂದಿತ್ತು. ಹೊರಡುವ ಹಿಂದಿನ ದಿನ ಬೆಂಕಿ, ಹೊಗೆಯ ಸುದ್ದಿ ನೋಡಿಯೇ ಹೊರಡಿ.

ನಡಿಗೆ

ಶುಕ್ರವಾರ ರಾತ್ರಿಯೇ ಸೌತ್ ಲೇಕ್ ಟಾಹೋ ತಲುಪಿ ಮಲಗಿ. ಸಮುದ್ರಮಟ್ಟದಿಂದ ಬಂದವರು ಒಂದು ರಾತ್ರಿಯನ್ನು ಆರು ಸಾವಿರ ಅಡಿಯಲ್ಲಿ ಕಳೆದರೆ ಮರುದಿನದ ತಲೆನೋವು ಕಡಿಮೆ. ಶನಿವಾರ ಬೆಳಿಗ್ಗೆ ಹೆದ್ದಾರಿ 50ರಿಂದ ಎಕೋ ಲೇಕ್ಸ್‌ಗೆ ತಿರುಗಿ. ಪಾರ್ಕಿಂಗ್ ಬೇಗ ತುಂಬುವುದರಿಂದ ಏಳರೊಳಗೆ ಅಲ್ಲಿರಿ. ಸರೋವರ ದಾಟಿಸುವ ದೋಣಿಯನ್ನು ನಂಬಿ ಲೆಕ್ಕ ಹಾಕಬೇಡಿ, ಸಿಕ್ಕರೆ ಲಾಭ.

ದಾರಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಹೆಸರಾಂತ ದೂರದ ಚಾರಣದಾರಿಯದೇ ಭಾಗವಾದ್ದರಿಂದ ತಪ್ಪುವ ಭಯವಿಲ್ಲ. ಮೊದಲ ಎರಡೂವರೆ–ಮೂರು ಮೈಲಿ ಕೆಳ ಮತ್ತು ಮೇಲಿನ ಎಕೋ ಸರೋವರಗಳ ದಂಡೆಯ ಕಲ್ಲುದಾರಿ. ನೆರಳು ಕಡಿಮೆ, ಬಿಸಿಲೇರುವ ಮುನ್ನ ದಾಟಿ. ಆಮೇಲೆ ಏರು, ನಂತರ ಹೇಪ್ರೆಸ್ ಹುಲ್ಲುಗಾವಲು. ಸೊಳ್ಳೆ ಕಚ್ಚುವುದು ಇಲ್ಲೇ. ನಿಧಾನದವರು ಮುಂದೆ, ವೇಗದವರು ಹಿಂದೆ ನಡೆಯಲಿ. ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಬೋಳುಬಂಡೆಯ ಮೇಲೂ ನೀರಿನಲ್ಲೂ ಇರಬೇಡಿ.

ಅಲೋಹಾದ ದಂಡೆ ಬಹುಪಾಲು ಬಂಡೆ, ಟೆಂಟಿನ ಗೂಟ ಇಳಿಯುವುದಿಲ್ಲ. ಹಗ್ಗವನ್ನು ದೊಡ್ಡ ಕಲ್ಲುಗಳಿಗೆ ಸುತ್ತಿ ಬಿಗಿಯಿರಿ. ಸಂಜೆ ಗಾಳಿ ಜೋರು. ನೀರಿನಿಂದಲೂ ದಾರಿಯಿಂದಲೂ ನೂರು ಅಡಿ ದೂರವಿರಿ, ಹುಲ್ಲಿನ ಮೇಲೆ ಟೆಂಟ್ ಹಾಕಬೇಡಿ. ಶೌಚಕ್ಕೆ ನೀರಿನಿಂದ ಇನ್ನೂರು ಅಡಿ ಆಚೆ, ಆರೆಂಟು ಅಂಗುಲದ ಗುಂಡಿ. ಬಳಸಿದ ಕಾಗದವನ್ನು ಒಂದು ಚೀಲದಲ್ಲಿ ಕಟ್ಟಿ ವಾಪಸ್ ತರಬೇಕು. ಕರಡಿ ಡಬ್ಬಿಯನ್ನು ಟೆಂಟಿನಿಂದ ದೂರ, ಉರುಳಿ ನೀರಿಗೆ ಬೀಳದ ಕಡೆ ಇಡಿ.

ಭಾನುವಾರ ಮಧ್ಯಾಹ್ನದ ಮೇಲೆ ಹೆದ್ದಾರಿ 50 ತೆವಳುತ್ತದೆ. ಆರಕ್ಕೇ ಟೆಂಟ್ ಮಡಚಿದರೆ ಹತ್ತರೊಳಗೆ ಕಾರಿನಲ್ಲಿರುತ್ತೀರಿ. ಬಾಡಿಗೆಗೆ ತಂದ ಡಬ್ಬಿಯನ್ನು ಅಂದೇ ಸೋಪಿನಲ್ಲಿ ತೊಳೆದು ಬಿಸಿಲಿಗಿಡಿ; ಗೊಜ್ಜಿನ ವಾಸನೆ ಒಂದೇ ತೊಳೆತಕ್ಕೆ ಹೋಗುವುದಿಲ್ಲ.