ಬೆಳಗಿನ ವಿಮಾನದಲ್ಲಿ ಬಿಸಿ ತಿಂಡಿ: ಏನು ಕೊಳ್ಳಬೇಕು, ಹೇಗೆ ತಿನ್ನಬೇಕು

ಬೆಳಗ್ಗೆ ಆರರ ವಿಮಾನಕ್ಕೆ ಮನೆಯಿಂದ ಮೂರಕ್ಕೇ ಹೊರಟವರಿಗೆ ಏಳು ಗಂಟೆಯ ಹೊತ್ತಿಗೆ ಹಸಿವು ಜೋರಾಗಿರುತ್ತದೆ. ಟಿಕೆಟ್ ಜೊತೆ ತಿಂಡಿ ಬರದ ಎಕಾನಮಿ ವಿಮಾನಗಳಲ್ಲೂ ದುಡ್ಡು ಕೊಟ್ಟರೆ ಬಿಸಿ ತಿಂಡಿ ಸಿಗುತ್ತದೆ. ಅದು ಚೆನ್ನಾಗಿರುತ್ತದೋ ಇಲ್ಲವೋ ಎನ್ನುವುದು ಅಡುಗೆಯವರ ಕೈಗಿಂತ ಹೆಚ್ಚಾಗಿ ಶಾಖ ಮತ್ತು ಸಮಯದ ಮೇಲೆ ನಿಂತಿದೆ.

ಮೊದಲು ಹಾರಾಟದ ಅವಧಿ ನೋಡಿ. ಬೆಂಗಳೂರು–ಹೈದರಾಬಾದ್ ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ ಎಂದಿದ್ದರೂ ರನ್‌ವೇ ಓಡಾಟ, ಏರುವುದು, ಇಳಿಯುವುದು ಕಳೆದರೆ ತಿಂಡಿ ಹಂಚಲು ಉಳಿಯುವುದು ಅರ್ಧ ಗಂಟೆ ಇದ್ದೀತು. ಮಂಗಳೂರು, ಹುಬ್ಬಳ್ಳಿ ಕಡೆಗಂತೂ ಅಷ್ಟೂ ಇಲ್ಲ. ಅಂಥ ಕಡೆ ನಿಲ್ದಾಣದಲ್ಲೇ ತಿಂದು ಹತ್ತುವುದು ವಾಸಿ. ದೆಹಲಿಯ ಎರಡೂಮುಕ್ಕಾಲು ಗಂಟೆ, ದುಬೈನ ನಾಲ್ಕು ಗಂಟೆಯಲ್ಲಿ ನಿಧಾನವಾಗಿ ತಿನ್ನಬಹುದು.

ಬಿಸಿ ತಿಂಡಿ ಎರಡು ಬಗೆ. ಇಂಡಿಗೋದಲ್ಲಿ ಸಿಗುವ ಉಪ್ಪಿಟ್ಟು, ಅವಲಕ್ಕಿಯಂಥವು ಒಣ ಮಿಶ್ರಣದ ಕಪ್‌ಗಳು, ಬಿಸಿನೀರು ಹಾಕಿ ಕೊಡುತ್ತಾರೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಗೋರ್ಮೇರ್ ಮೆನುವಿನಲ್ಲಿರುವಂಥ ಬಿಸಿ ಊಟದ ಡಬ್ಬಿಗಳು ನೆಲದ ಅಡುಗೆಮನೆಯಲ್ಲಿ ಬೆಂದು, ತಣ್ಣಗಾಗಿ, ವಿಮಾನದ ಓವನ್‌ನಲ್ಲಿ ಮತ್ತೆ ಬಿಸಿಯಾಗುತ್ತವೆ. ಡಬ್ಬಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಬುಕ್ ಮಾಡಿ. ಒಳಗೆ ಮಾರಲು ಇಡುವುದು ಕಡಿಮೆ, ಹಿಂದಿನ ಸಾಲಿಗೆ ಗಾಡಿ ಬರುವ ಹೊತ್ತಿಗೆ ಮುಗಿದಿರಲೂಬಹುದು. ಹಾರುವಾಗ ಇಂಟರ್ನೆಟ್ ಇಲ್ಲದಿದ್ದರೆ ಯುಪಿಐ ನಡೆಯದು, ಕಾರ್ಡ್ ಜೊತೆಗೆ ಸ್ವಲ್ಪ ಚಿಲ್ಲರೆಯೂ ಇರಲಿ.

ಕಪ್ ತಿಂಡಿ ಕೆಡುವುದು ಹೆಚ್ಚಾಗಿ ನೀರಿನಿಂದ. ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. ಬೆಂಗಳೂರಿನ ಮನೆಯಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿದರೆ ಅಲ್ಲಿ 92ರಿಂದ 94ಕ್ಕೇ ಕುದಿಯುತ್ತದೆ. ಜಗ್‌ನಿಂದ ಕಪ್‌ಗೆ ಬೀಳುವಷ್ಟರಲ್ಲಿ ಇನ್ನೂ ಆರಿರುತ್ತದೆ. ಹಾಗಾಗಿ ಕಪ್ ಮೇಲೆ ಬರೆದ ಸಮಯಕ್ಕೆ ಎರಡು ಮೂರು ನಿಮಿಷ ಸೇರಿಸಿ. ನೀರು ಒಳಗಿನ ಗೆರೆಯವರೆಗೆ ಮಾತ್ರ: ಮೇಲಾದರೆ ಗಂಜಿ, ಕೆಳಗಾದರೆ ರವೆ ಹಲ್ಲಿಗೆ ಕರಕರ ಸಿಗುತ್ತದೆ. ನೀರು ಬಿದ್ದ ತಕ್ಷಣ ಚಮಚವನ್ನು ತಳದ ಅಂಚಿಗೆ ಒತ್ತಿ ಒಂದು ಸುತ್ತು ತಿರುವಿ, ಒಣ ಹುಡಿ ಅಂಟಿಕೊಂಡಿರುವುದು ಅಲ್ಲೇ. ಆಮೇಲೆ ಮುಚ್ಚಳ ಮಡಚಿ, ಮೇಲೊಂದು ಪುಸ್ತಕವನ್ನೋ ನ್ಯಾಪ್‌ಕಿನ್ ಕಟ್ಟನ್ನೋ ಇಟ್ಟು, ನಡುವೆ ತೆರೆಯದೆ ಬಿಡಿ. ತೆರೆದು ನೋಡಿದಷ್ಟು ಸಲವೂ ಹಬೆ ಹೋಗಿ ರವೆ ಅರೆಬೆಂದೇ ಉಳಿಯುತ್ತದೆ. ಅವಲಕ್ಕಿಗೆ ಇಷ್ಟು ಕಾಟವಿಲ್ಲ, ಬೇಗ ನೆನೆಯುತ್ತದೆ. ಸಮಯ ಕಡಿಮೆ ಇದ್ದರೆ ಅದನ್ನೇ ಕೊಳ್ಳಿ.

ಡಬ್ಬಿಯಲ್ಲಿ ತೇವ ಇರುವ ತಿಂಡಿ ಆರಿಸಿ: ಪೊಂಗಲ್, ಉಪ್ಪಿಟ್ಟು, ಸಾಂಬಾರಿನ ಇಡ್ಲಿ. ಇವು ಎರಡನೇ ಬಿಸಿಯನ್ನು ತಡೆದುಕೊಳ್ಳುತ್ತವೆ. ವಡೆ, ದೋಸೆ, ಪೂರಿಗೆ ಮುಚ್ಚಿದ ಡಬ್ಬಿಯ ಹಬೆಯೇ ಶತ್ರು, ಗರಿ ಹೋಗಿ ಮೆತ್ತಗಾಗುತ್ತವೆ. ಆಮ್ಲೆಟ್‌ನ ಮೊಟ್ಟೆ ಮತ್ತೆ ಬಿಸಿಯಾದಾಗ ಬಿಗಿದುಕೊಂಡು ನೀರು ಬಿಡುತ್ತದೆ, ರಬ್ಬರಿನಂತಾಗುವುದು ಅದಕ್ಕೇ. ಡಬ್ಬಿ ಬಂದೊಡನೆ ಮೇಲಿನ ಹಬೆಗೆ ಮರುಳಾಗಬೇಡಿ. ದೊಡ್ಡ ತುಂಡನ್ನು ನಡುವೆ ಮುರಿದು ನೋಡಿ, ಒಳಗೂ ಹಬೆಯಾಡಬೇಕು. ನಡು ತಣ್ಣಗಿದ್ದರೆ ಸಂಕೋಚಪಡದೆ ಮತ್ತೆ ಬಿಸಿ ಮಾಡಿಕೊಡಲು ಕೇಳಿ. ಉಗುರುಬೆಚ್ಚಗಿನ ಆಹಾರ ರುಚಿಗೆ ಮಾತ್ರವಲ್ಲ, ಹೊಟ್ಟೆಗೂ ಒಳ್ಳೆಯದಲ್ಲ.

ಚಟ್ನಿಯ ಪುಟ್ಟ ಕಪ್ ವಿಶೇಷ ಎಚ್ಚರ ಕೇಳುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ಮೇಲೇರಿದಂತೆ ಹಿಗ್ಗಿ, ಅಂಟಿಸಿದ ಮುಚ್ಚಳ ಉಬ್ಬಿ ನಿಂತಿರುತ್ತದೆ. ಒಮ್ಮೆಲೇ ಎಳೆದರೆ ಅಂಗಿಯ ಮೇಲೆ ಚಟ್ನಿ. ನಿಮ್ಮಿಂದಾಚೆಗಿರುವ ಮೂಲೆಯನ್ನು ಕಡ್ಡಿಯಷ್ಟು ಎಬ್ಬಿಸಿ, ಗಾಳಿ ಹೋಗಲು ಬಿಟ್ಟು, ಆಮೇಲೆ ಪೂರ್ತಿ ಬಿಡಿಸಿ. ಮೊಸರು, ಜಾಮ್‌ಗೂ ಹೀಗೇ.

ಏನೋ ಸಪ್ಪೆ ಅನ್ನಿಸಿದರೆ ಅದು ಸಹಜ. ಒಣ ಗಾಳಿ, ಕಡಿಮೆ ಒತ್ತಡದಲ್ಲಿ ಉಪ್ಪು, ಸಿಹಿ ನಾಲಿಗೆಗೆ ಮಂದವಾಗುತ್ತವೆ. ಮೇಲೆ ಉಪ್ಪು ಸುರಿಯುವ ಬದಲು ಕಾಳುಮೆಣಸು ಕೇಳಿ, ಇದ್ದರೆ ಉಪ್ಪಿನಕಾಯಿ ಸ್ಯಾಶೆ ಒಡೆಯಿರಿ. ಮೊದಲು ಎರಡು ಗುಟುಕು ನೀರು ಕುಡಿದರೆ ಬಾಯಿಯ ಒಣಗು ಹೋಗಿ ರುಚಿ ಕೊಂಚ ತೆರೆದುಕೊಳ್ಳುತ್ತದೆ. ವಿಮಾನದ ಬಿಸಿನೀರು ಅಷ್ಟು ಬಿಸಿಯಿಲ್ಲದ್ದರಿಂದ ಟೀ ಬ್ಯಾಗನ್ನೂ ಅದರಲ್ಲಿ ನಾಲ್ಕೈದು ನಿಮಿಷ ಬಿಡಬೇಕು.

ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಪ್ ತಿಂಡಿ, ಟೀ ಯಾವುದೂ ಬೇಡ. ಮುಂದಿನವರು ಸೀಟು ಹಿಂದಕ್ಕೆ ಬಾಗಿಸಿದ ಒಂದು ಕ್ಷಣ ಸಾಕು, ಬಿಸಿನೀರು ಮಗುವಿನ ಮೈಮೇಲೆ. ಇನ್ಸುಲಿನ್ ತೆಗೆದುಕೊಳ್ಳುವವರು ಗಾಡಿ ಕಂಡಾಗಲ್ಲ, ತಿಂಡಿ ಟ್ರೇ ಮೇಲೆ ಬಂದ ಮೇಲಷ್ಟೇ ಚುಚ್ಚಿಕೊಳ್ಳಿ. ಗಾಳಿ ಕುಲುಕಾಟ ಶುರುವಾದರೆ ಸಿಬ್ಬಂದಿ ಹಂಚುವುದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ.

ಇಳಿಯುವ ಘೋಷಣೆಗೆ ಹತ್ತಿರವಾಗಿ ಗಾಡಿ ನಿಮ್ಮ ಸಾಲಿಗೆ ಬಂದರೆ ನೀರು ಹಾಕಿಸಬೇಡಿ. ಟ್ರೇ ಮಡಚುವ ಹೊತ್ತಿಗೆ ರವೆ ನೆನೆದಿರುವುದಿಲ್ಲ. ಸೀಲ್ ಒಡೆಯದ ಕಪ್ಪನ್ನೇ ಕೇಳಿ ಚೀಲಕ್ಕೆ ಹಾಕಿಕೊಳ್ಳಿ. ತಲುಪಿದ ಕಡೆ ಕುದಿಯುವ ನೀರು ಸಿಕ್ಕರೆ ಬರೆದಷ್ಟೇ ನಿಮಿಷದಲ್ಲಿ ಹದವಾಗಿ ಆಗುತ್ತದೆ.