ಇಟಾಲಿಯನ್ ರೆಸ್ಟೋರೆಂಟಿನಲ್ಲಿ ನೆಮ್ಮದಿಯಾಗಿ ಊಟ ಮಾಡುವುದು ಹೇಗೆ?

ಮೊದಲ ಸಲ ಒಂದು ದೊಡ್ಡ ಇಟಾಲಿಯನ್ ರೆಸ್ಟೋರೆಂಟಿಗೆ ಹೋದಾಗ ನಾನು ಸೀದಾ ಪಾಸ್ತಾ ತರಿಸಿದೆ. ಅದು ಬರುವಷ್ಟರಲ್ಲಿ ಬುಟ್ಟಿಯಲ್ಲಿದ್ದ ಬ್ರೆಡ್ ಖಾಲಿ ಮಾಡಿದ್ದೆ. ಹೊಟ್ಟೆ ತುಂಬಿತು, ಬಿಲ್ ಕೊಟ್ಟು ಎದ್ದೆ. ಪಕ್ಕದ ಟೇಬಲಿನವರೂ ಅದೇ ಪಾಸ್ತಾ ತಿಂದಿದ್ದರು. ಆದರೆ ಅವರ ಊಟ ಆಗಿನ್ನೂ ಅರ್ಧಕ್ಕೆ ಬಂದಿತ್ತು.

ಇಟಲಿಯವರ ಊಟದಲ್ಲಿ ಪಾಸ್ತಾ ಎಂದರೆ ನಡುವಿನ ಒಂದು ಮೆಟ್ಟಿಲು, ಅಷ್ಟೇ. ಇದೊಂದು ತಿಳಿದುಕೊಂಡು ಹೋದರೆ ಮೆನು ನೋಡಿ ಗಾಬರಿಯಾಗುವುದಿಲ್ಲ.

1. ಟೇಬಲ್ ಕಾದಿರಿಸುವಾಗಲೇ ಹೇಳಿಬಿಡಿ

ಮಾಂಸ, ಮೀನು, ಮೊಟ್ಟೆ ತಿನ್ನದವರು ಅದನ್ನು ಫೋನಿನಲ್ಲೇ ಹೇಳುವುದು ಒಳ್ಳೆಯದು. ಅಲರ್ಜಿ ಇದ್ದರಂತೂ ಹೇಳಲೇಬೇಕು. ಟೇಬಲಿಗೆ ಬಂದ ಮೇಲೆ ಹೇಳಿದರೆ ಅಡುಗೆಯವರ ಕೈ ಕಟ್ಟಿಹೋಗಿರುತ್ತದೆ. ಯಾಕೆಂದರೆ ಮೆನುವಿನಲ್ಲಿ ತರಕಾರಿ ಎಂದು ಕಾಣುವುದೆಲ್ಲ ಸಸ್ಯಾಹಾರವಲ್ಲ. ಅಕ್ಕಿಯಿಂದ ಮಾಡುವ ರಿಸೊತ್ತೊಗೆ ಹಾಕುವ ಸಾರ ಎಷ್ಟೋ ಕಡೆ ಮಾಂಸದ್ದು. ಮಿನೆಸ್ತ್ರೋನೆ ಸೂಪಿನಲ್ಲಿ ಹಂದಿಮಾಂಸದ ಚೂರು ಇರಬಹುದು. ಪಾರ್ಮಿಜಾನೊ ರೆಜಾನೊ ಚೀಸಿನಲ್ಲಿ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ. ಬೇರೆ ದಾರಿಯಲ್ಲಿ ಮಾಡಿದರೆ ಅದಕ್ಕೆ ಆ ಹೆಸರು ಇಡುವ ಹಾಗೇ ಇಲ್ಲ. ಇದು ಎಷ್ಟೋ ಸಸ್ಯಾಹಾರಿಗಳಿಗೆ ಗೊತ್ತಿರುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬೋರ್ಡಿನ ಮೇಲಿನ ಹೆಸರು ನೋಡಿ ಅಂತಸ್ತು ಅಳೆಯಬೇಡಿ. 'ರಿಸ್ತೊರಾಂತೆ' ಎಂದರೆ ಅಚ್ಚುಕಟ್ಟಾದ ದೊಡ್ಡ ಜಾಗ, 'ತ್ರಾತೊರಿಯಾ' ಮತ್ತು 'ಒಸ್ತೆರಿಯಾ' ಸರಳ ಜಾಗಗಳು ಎನ್ನುವುದು ಹಳೆಯ ಲೆಕ್ಕ. ಇಟಲಿಯ ಮೊದೆನಾ ಊರಿನಲ್ಲಿ ಬಾಣಸಿಗ ಮಾಸ್ಸಿಮೊ ಬೊತ್ತೂರಾ ಕಟ್ಟಿದ ಒಸ್ತೆರಿಯಾ ಫ್ರಾಂಚೆಸ್ಕಾನಾ ಮೂರು ಮಿಶೆಲಿನ್ ಸ್ಟಾರ್ ಪಡೆದಿದೆ, ಮಿಶೆಲಿನ್ ಗೈಡ್ ರೆಸ್ಟೋರೆಂಟುಗಳಿಗೆ ಕೊಡುವ ಅತಿ ದೊಡ್ಡ ಮನ್ನಣೆ ಅದು. 2016 ಮತ್ತು 2018ರಲ್ಲಿ ಜಗತ್ತಿನ 50 ಅತ್ಯುತ್ತಮ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಹೆಸರು ಮಾತ್ರ ಒಸ್ತೆರಿಯಾ.

2. ಮೆನುವನ್ನು ಮೇಲಿಂದ ಕೆಳಗೆ ಓದಿ

ಮೆನುವಿನಲ್ಲಿ ಮೊದಲು ಬರುವುದು ಆಂಟಿಪಾಸ್ತಿ, ಅಂದರೆ ಊಟಕ್ಕೆ ಮುಂಚಿನ ಸಣ್ಣ ತಿನಿಸು. ಆಮೇಲೆ ಪ್ರಿಮಿ, ಅಂದರೆ ಮೊದಲನೆಯವು: ಪಾಸ್ತಾ, ರಿಸೊತ್ತೊ, ಸೂಪು. ಆಮೇಲೆ ಸೆಕೊಂದಿ, ಎರಡನೆಯವು: ಮಾಂಸ, ಮೀನು. ಅದರ ಪಕ್ಕಕ್ಕೆ ತರಕಾರಿ ಬೇಕಾದರೆ ಕೊಂತೊರ್ನಿ ಎಂಬ ಪಟ್ಟಿಯಿಂದ ಬೇರೆಯಾಗಿ ಹೇಳಬೇಕು, ತಾನಾಗಿ ಬರುವುದಿಲ್ಲ. ಕೊನೆಗೆ ದೊಲ್ಚಿ, ಸಿಹಿ.

ಎಲ್ಲವನ್ನೂ ತರಿಸಲೇಬೇಕಾ? ಖಂಡಿತ ಬೇಡ. ಇಬ್ಬರಿದ್ದರೆ ಒಂದು ಆಂಟಿಪಾಸ್ತೊ ಹಂಚಿಕೊಂಡು, ಆಮೇಲೆ ಇಬ್ಬರಿಗೂ ಒಂದೊಂದು ಪ್ರಿಮೊ, ಮತ್ತೆ ಒಂದು ಸೆಕೊಂದೊ ಹಂಚಿಕೊಳ್ಳಿ. ನನ್ನ ಪ್ರಕಾರ ಇದೇ ಸರಿಯಾದ ಅಳತೆ. ಸಿಹಿಗೂ ಜಾಗ ಉಳಿಯುತ್ತದೆ.

'ದೆಗುಸ್ತಾತ್ಸಿಯೋನೆ' ಎಂದು ಕಂಡರೆ ಅದು ಅಡುಗೆಯವರೇ ಆರಿಸಿದ ಸಣ್ಣ ಸಣ್ಣ ತಟ್ಟೆಗಳ ಸಾಲು. ಸಾಮಾನ್ಯವಾಗಿ ಟೇಬಲಿನಲ್ಲಿ ಕೂತ ಎಲ್ಲರೂ ಅದನ್ನೇ ತೆಗೆದುಕೊಳ್ಳಬೇಕು. ಎರಡು ಮೂರು ಗಂಟೆ ಕೂರುವ ಮನಸ್ಸಿದ್ದರೆ ಮಾತ್ರ ಹೇಳಿ.

ಆಂಟಿಪಾಸ್ತಿಯಲ್ಲಿ 'ಕಾರ್ಪಾಚೊ' ಎಂಬ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಇದು ವೆನಿಸ್ಸಿನ ಹ್ಯಾರಿಸ್ ಬಾರ್‌ನಲ್ಲಿ ಹುಟ್ಟಿದ್ದು. ಅಲ್ಲಿನ ಜುಸೆಪ್ಪೆ ಚಿಪ್ರಿಯಾನಿ, ಬೇಯಿಸಿದ ಮಾಂಸ ತಿನ್ನಬಾರದು ಎಂದು ವೈದ್ಯರು ಹೇಳಿದ್ದ ಒಬ್ಬ ಗಿರಾಕಿಗಾಗಿ ಹಸಿ ದನದ ಮಾಂಸವನ್ನು ಕಾಗದದಷ್ಟು ತೆಳ್ಳಗೆ ಕತ್ತರಿಸಿ ಕೊಟ್ಟರಂತೆ. ಅದರ ಕೆಂಪು ಬಣ್ಣ ನೋಡಿ ಚಿತ್ರಕಾರ ಕಾರ್ಪಾಚೊ ನೆನಪಾದನಂತೆ. ಈಗ ಬೀಟ್‌ರೂಟ್, ಮೀನು ಏನೇ ಆಗಲಿ, ತೆಳ್ಳಗೆ ಹೆಚ್ಚಿ ಹರಡಿದರೆ ಅದೇ ಹೆಸರು. ಹಾಗಾಗಿ ಯಾವುದರ ಕಾರ್ಪಾಚೊ ಎಂದು ಕೇಳಿಕೊಳ್ಳಿ.

3. ಪ್ರಿಮೊ ಬಂದ ಕೂಡಲೇ ತಿನ್ನಿ

ನನಗೆ ಅತ್ಯಂತ ಪ್ರೀತಿಯ ಹಂತ ಇದು. ಇಲ್ಲಿ ಕಾಯುವುದು ಅಡುಗೆಗೆ ಮಾಡುವ ಅನ್ಯಾಯ.

ರಿಸೊತ್ತೊ ಒಮ್ಮೆ ಹತ್ತಿರದಿಂದ ನೋಡಿ. ಕಾರ್ನರೋಲಿ ತರಹದ ದುಂಡು ಅಕ್ಕಿಗೆ ಬಿಸಿ ಸಾರವನ್ನು ಸೌಟು ಸೌಟಾಗಿ ಹಾಕುತ್ತಾ 16ರಿಂದ 18 ನಿಮಿಷ ಬೇಯಿಸುತ್ತಾರೆ. ಒಲೆಯಿಂದ ಇಳಿಸಿ, ತಣ್ಣನೆಯ ಬೆಣ್ಣೆ ಮತ್ತು ಚೀಸ್ ಹಾಕಿ ಜೋರಾಗಿ ಕಲಕುತ್ತಾರೆ. ಸರಿಯಾಗಿ ಆದ ರಿಸೊತ್ತೊ ತಟ್ಟೆಯಲ್ಲಿ ಗುಡ್ಡೆಯಾಗಿ ಕೂರುವುದಿಲ್ಲ. ತಟ್ಟೆ ಅಲುಗಿಸಿದರೆ ಅಲೆಯ ಹಾಗೆ ಹರಿಯುತ್ತದೆ. ಇಟಲಿಯವರು ಅದಕ್ಕೆ 'ಅಲ್ಲೊಂದಾ' ಎನ್ನುತ್ತಾರೆ, ಅಲೆಯಂತೆ ಎಂದರ್ಥ. ಈ ಹದ ಕೆಲವೇ ನಿಮಿಷ ನಿಲ್ಲುತ್ತದೆ. ಒಂದು ಸಲ ನಾವು ಫೋಟೋ ತೆಗೆಯುತ್ತಾ ಕೂತೆವು. ನೋಡುನೋಡುತ್ತಲೇ ಅದು ಗಟ್ಟಿಯಾಗಿ, ಫೋರ್ಕ್ ಚುಚ್ಚಿದರೆ ಅಲ್ಲೇ ನಿಲ್ಲುವ ಹಾಗಾಯಿತು. ಅಂಚಿನಲ್ಲಿ ಬೇಗ ಆರುತ್ತದೆ. ಅದಕ್ಕೇ ಅಂಚಿನಿಂದ ಶುರುಮಾಡಿ ನಡುವಿಗೆ ಬನ್ನಿ.

ಇಷ್ಟು ಸರಳವಾದ ಅಡುಗೆಯಲ್ಲೇ ಮಿಲಾನಿನ ಬಾಣಸಿಗ ಗ್ವಾಲ್ತಿಯೆರೊ ಮಾರ್ಕೇಸಿ 1981ರಲ್ಲಿ ಕೇಸರಿ ರಿಸೊತ್ತೊ ಮಾಡಿ, ಮೇಲೆ ಒಂದು ಚೌಕ ಚಿನ್ನದ ಹಾಳೆ ಇಟ್ಟು ಬಡಿಸಿದರು. ಇಟಲಿಯಲ್ಲಿ ಮೊದಲ ಬಾರಿಗೆ ಮೂರು ಮಿಶೆಲಿನ್ ಸ್ಟಾರ್ ಸಿಕ್ಕಿದ್ದು ಅವರ ರೆಸ್ಟೋರೆಂಟಿಗೇ.

ಪಾಸ್ತಾ ವಿಷಯಕ್ಕೆ ಬಂದರೆ, ಸ್ಪಗೆತ್ತಿ ನಡುವೆ ಸ್ವಲ್ಪ ಗಟ್ಟಿ ಇದ್ದರೆ ಬೆಂದಿಲ್ಲ ಎಂದು ವಾಪಸ್ ಕಳಿಸಬೇಡಿ. ಹಲ್ಲಿಗೆ ಸಿಗುವ ಆ ಹದವೇ 'ಅಲ್ ದೆಂತೆ'. ಎಳೆಗಳನ್ನು ಚಾಕುವಿನಿಂದ ತುಂಡು ಮಾಡಬೇಡಿ. ನಾಲ್ಕೈದು ಎಳೆ ಮಾತ್ರ ಫೋರ್ಕಿಗೆ ಸಿಕ್ಕಿಸಿ, ತಟ್ಟೆಯ ಅಂಚಿಗೆ ಒತ್ತಿ ತಿರುಗಿಸಿ. ಜಾಸ್ತಿ ಎಳೆ ತೆಗೆದುಕೊಂಡರೆ ಬಾಯಿಗೆ ಹಿಡಿಸದಷ್ಟು ದೊಡ್ಡ ಉಂಡೆಯಾಗುತ್ತದೆ.

ಕಾರ್ಬೊನಾರಾ ಎಂಬ ಪಾಸ್ತಾದಲ್ಲಿ ಕ್ರೀಮ್ ಇರುವುದಿಲ್ಲ. ಮೊಟ್ಟೆ, ಪೆಕೊರಿನೊ ಚೀಸ್, ಹಂದಿಯ ಕೆನ್ನೆಯ ಮಾಂಸ, ಕರಿಮೆಣಸು, ಇಷ್ಟೇ. ಆ ನುಣುಪು ಬರುವುದು ಮೊಟ್ಟೆ ಮತ್ತು ಪಾಸ್ತಾ ಬೇಯಿಸಿದ ನೀರಿನಿಂದ. ಇನ್ನು ಮೀನು, ಸೀಗಡಿ ಹಾಕಿದ ಪಾಸ್ತಾಗೆ ಸಾಮಾನ್ಯವಾಗಿ ಚೀಸ್ ಉದುರಿಸುವುದಿಲ್ಲ, ಚೀಸಿನ ಮುಂದೆ ಸಮುದ್ರದ ರುಚಿ ಅಡಗಿಹೋಗುತ್ತದೆ.

ಬ್ರೆಡ್ ನೆನಪಿದೆಯಲ್ವಾ? ಅದರ ಕೆಲಸ ಈಗ. ತಟ್ಟೆಯಲ್ಲಿ ಉಳಿದ ಸಾಸನ್ನು ಒಂದು ತುಂಡು ಬ್ರೆಡ್ಡಿನಿಂದ ಒರೆಸಿ ತಿನ್ನುವುದಕ್ಕೆ 'ಸ್ಕಾರ್ಪೆತ್ತಾ' ಎಂಬ ಹೆಸರೇ ಇದೆ. ತೀರಾ ಶಿಷ್ಟಾಚಾರದ ಜಾಗದಲ್ಲಿ ಹಾಗೆ ಮಾಡಬಾರದು ಎನ್ನುವವರಿದ್ದಾರೆ. ನಾನಂತೂ ಮಾಡುತ್ತೇನೆ. ಅಷ್ಟು ಹೊತ್ತು ಕೂತು ಮಾಡಿದ ಸಾಸ್ ಅದು.

4. ಬೆಲೆ ತೂಕಕ್ಕಾ, ತಟ್ಟೆಗಾ?

ಸೆಕೊಂದಿ ಪಟ್ಟಿಯಲ್ಲಿ ಇದನ್ನು ಗಮನಿಸಲೇಬೇಕು. ಇಡೀ ಮೀನು ಮತ್ತು ಫ್ಲಾರೆನ್ಸಿನ ದಪ್ಪ ಬಿಸ್ತೆಕ್ಕಾಗೆ (ದನದ ಮಾಂಸದ ಸ್ಟೇಕ್) ಸಾಮಾನ್ಯವಾಗಿ ತೂಕದ ಮೇಲೆ ಬೆಲೆ. 'ಅಲ್ಲೆತ್ತೊ' ಎಂದು ಬರೆದಿದ್ದರೆ 100 ಗ್ರಾಮಿಗೆ ಅಷ್ಟು ಎಂದರ್ಥ. ಅದನ್ನೇ ಪೂರ್ತಿ ತಟ್ಟೆಯ ಬೆಲೆ ಎಂದುಕೊಂಡರೆ ಬಿಲ್ ಬಂದಾಗ ಎದೆ ಧಸಕ್ಕೆನ್ನುತ್ತದೆ. ಎಷ್ಟು ತೂಗುತ್ತದೆ, ಒಟ್ಟು ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ. ಅದರಲ್ಲಿ ಸಂಕೋಚ ಬೇಡ. ಶರತ್ಕಾಲದಲ್ಲಿ ಆಲ್ಬಾ ಊರಿನ ಬಿಳಿ ಟ್ರಫಲ್ (ನೆಲದಡಿ ಬೆಳೆಯುವ ದುಬಾರಿ ಅಣಬೆ) ಟೇಬಲಿನ ಮುಂದೆಯೇ ತುರಿದು ಹಾಕುವಾಗಲೂ ಅಷ್ಟೇ, ಅದು ಗ್ರಾಂ ಲೆಕ್ಕ.

ವೈನ್ ತರಿಸಿದರೆ ಮೊದಲು ಒಂದು ಗುಟುಕು ಸುರಿದು ಕೊಡುತ್ತಾರೆ. ಅದು ವೈನ್ ಕೆಟ್ಟಿಲ್ಲ ತಾನೇ ಎಂದು ನೋಡುವುದಕ್ಕೆ. ಮೂಸಿ, ತಲೆಯಾಡಿಸಿದರೆ ಸಾಕು. ಕುಡಿಯದವರು ನೀರು ಕೇಳಿ: ಗ್ಯಾಸ್ ಇರುವುದು 'ಫ್ರಿತ್ಸಾಂತೆ', ಇಲ್ಲದ್ದು 'ನಾತುರಾಲೆ'.

5. ಸಿಹಿ, ಕಾಫಿ, ಬಿಲ್

ಸಿಹಿಗೆ ತಿರಾಮಿಸು, ಅಂದರೆ ಕಾಫಿಯಲ್ಲಿ ನೆನೆಸಿದ ಬಿಸ್ಕತ್ತು ಮತ್ತು ಕ್ರೀಮ್ ಚೀಸಿನ ಸಿಹಿ, ಇದ್ದೇ ಇರುತ್ತದೆ. ಒಳ್ಳೆಯದೇ. ಆದರೆ ಆ ಅಡುಗೆಮನೆಯವರೇ ಕಟ್ಟಿದ ಸಿಹಿ ಯಾವುದು ಎಂದೂ ಒಮ್ಮೆ ಕೇಳಿ ನೋಡಿ. ಬೊತ್ತೂರಾ ಅವರ ಹೆಸರಾದ ಸಿಹಿ ಹುಟ್ಟಿದ್ದು ಅಡುಗೆಯವರ ಕೈಯಿಂದ ನಿಂಬೆ ಟಾರ್ಟ್ ಜಾರಿ ಬಿದ್ದು ಒಡೆದಾಗ. ಅದನ್ನು ಒಡೆದ ರೂಪದಲ್ಲೇ ತಟ್ಟೆಗೆ ಹಾಕಿ, 'ಅಯ್ಯೋ, ಟಾರ್ಟ್ ಬೀಳಿಸಿಬಿಟ್ಟೆ' ಎಂಬಂಥ ಹೆಸರನ್ನೇ ಇಟ್ಟರು.

ಕಾಫಿ ಸಿಹಿಯ ಜೊತೆಗಲ್ಲ, ಸಿಹಿ ಮುಗಿದ ಮೇಲೆ. 'ಕಫೆ' ಎಂದರೆ ಸಣ್ಣ ಕಪ್ಪಿನ ಎಸ್ಪ್ರೆಸೊ ಬರುತ್ತದೆ. ಹಾಲು ತುಂಬಿದ ಕಪುಚಿನೊ ಇಟಲಿಯಲ್ಲಿ ಬೆಳಗಿನದು. ಊಟದ ಮೇಲೆ ಕೇಳಿದರೆ ಕೊಡುತ್ತಾರೆ, ಹೊಟ್ಟೆಗೆ ಭಾರ ಅನ್ನಿಸುತ್ತದೆ.

ಬಿಲ್ ತಾನಾಗಿ ಬರುವುದಿಲ್ಲ. ಗಿರಾಕಿ ಕೇಳುವ ಮೊದಲು ಬಿಲ್ ತಂದಿಟ್ಟರೆ ಎದ್ದು ಹೋಗಿ ಎಂದ ಹಾಗೆ ಅಲ್ವಾ? ಅದಕ್ಕೇ ಅವರು ಕಾಯುತ್ತಾರೆ. 'ಇಲ್ ಕೊಂತೊ, ಪೆರ್ ಫವೋರೆ' ಎನ್ನಿ. ಇಟಲಿಯಲ್ಲಾದರೆ ಅದರಲ್ಲಿ 'ಕೊಪೆರ್ತೊ' ಎಂದು ತಲೆಗಿಷ್ಟು ಎಂದು ಸೇರಿಸಿರಬಹುದು. ಅದು ಬ್ರೆಡ್ಡಿಗೂ ಟೇಬಲಿಗೂ ಸೇರಿದ ದುಡ್ಡು, ಟಿಪ್ಸ್ ಅಲ್ಲ.